ಗುಳಿಬಿದ್ದ ಕಣ್ಣುಗಳು

ನಮ್ಮ ಕಡೆ ಬಹಳ ದಿನಗಳ ಮೇಲೆ ಕಂಡವರ ಯೋಗಕ್ಷೇಮವನ್ನು ಮುಖ ನೋಡಿಯೇ ವಿಚಾರಿಸುವುದು ರೂಢಿ. "ಯಾಕೆ, ಕಣ್ಣೆಲ್ಲ ಗುಳಿಬಿದ್ದಿದೆಯಲ್ಲ, ಹುಷಾರಿಲ್ವಾ?" ಎಂದು ಕೇಳುವವರ ಮನಸ್ಸಿನಲ್ಲಿ ಅಕ್ಕರೆಯೇ ಇರುತ್ತದೆ, ಅನುಮಾನವಿಲ್ಲ. ಆದರೆ ಅದೇ ಅಕ್ಕರೆಯ ಪ್ರಶ್ನೆಯನ್ನು ಮದುವೆಮನೆಯಲ್ಲಿ, ದೇವಸ್ಥಾನದಲ್ಲಿ, ತರಕಾರಿ ಅಂಗಡಿಯಲ್ಲಿ ವರ್ಷಗಟ್ಟಲೆ ಕೇಳಿಸಿಕೊಳ್ಳುವವರ ಗತಿಯೇನು? ಈ ಯೋಚನೆ ನನಗೆ ಬಂದದ್ದು ಬಹಳ ತಡವಾಗಿ, ಅದೂ ನನ್ನ ತಪ್ಪಿನಿಂದ ಆಗಬಾರದ್ದು ಒಂದು ಆದ ಮೇಲೆ. ನಿಮ್ಮಲ್ಲಿ ಕೆಲವರಿಗೆ ಅತ್ತೆಯೋ ಚಿಕ್ಕಮ್ಮನೋ ಆಗಬೇಕಾದ ನನ್ನ ತಂಗಿಯ ಕಥೆ ಇದು. ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ತಂಗಿ ನನಗಿಂತ ನಾಲ್ಕು ವರ್ಷ ಚಿಕ್ಕವಳು. ಬ್ಯಾಂಕಿನಲ್ಲಿ ಗುಮಾಸ್ತೆಯಾಗಿದ್ದು ನಿವೃತ್ತಳಾಗಿ ಮೈಸೂರಿನಲ್ಲಿ ಒಬ್ಬಳೇ ಇದ್ದಾಳೆ. ಭಾವನವರು 2020ರಲ್ಲಿ ತೀರಿಕೊಂಡರು. ಆಗ ಅವಳ ಮುಖ ಬಾಡಿದ್ದು ಸಹಜವೇ. ಆದರೆ ದಿನಗಳೆದಂತೆ ಅವಳು ಚೇತರಿಸಿಕೊಂಡಳು. ವೀಣೆಯ ಪಾಠಕ್ಕೆ ಸೇರಿದಳು, ಗೆಳತಿಯರೊಡನೆ ಕಾಶಿಯಾತ್ರೆ ಮಾಡಿಬಂದಳು. ಚೇತರಿಸಿಕೊಳ್ಳದೆ ಉಳಿದದ್ದು ಕಣ್ಣುಗಳ ಸುತ್ತಲಿನ ಭಾಗ ಮಾತ್ರ. ಮೂಗಿನ ಪಕ್ಕದಿಂದ ಕೆನ್ನೆಯ ಕಡೆಗೆ ಇಳಿದ ಎರಡು ಗುಳಿಗಳು, ಮೇಲುರೆಪ್ಪೆಯ ಮೇಲೆ ಇನ್ನೆರಡು ತಗ್ಗುಗಳು.

2024ರ ಯುಗಾದಿಗೆ ನಾವೆಲ್ಲ ಶಿವಮೊಗ್ಗದ ನಮ್ಮ ಮನೆಯಲ್ಲಿ ಸೇರಿದ್ದೆವು. ಊಟವಾದ ಮೇಲೆ ಜಗಲಿಯಲ್ಲಿ ಕುಳಿತಿದ್ದಾಗ ತಂಗಿ ಸ್ವಲ್ಪ ಹಿಂಜರಿಯುತ್ತಲೇ ಹೇಳಿದಳು: "ಅಣ್ಣಾ, ಈ ಕಣ್ಣಿನ ಕೆಳಗಿನ ಗುಳಿ ತುಂಬಿಸೋದಕ್ಕೆ ಈಗ ಏನೋ ಇಂಜೆಕ್ಷನ್ ಬಂದಿದೆಯಂತೆ. ಮಾಡಿಸಿಕೊಳ್ಳೋಣ ಅಂತಿದೀನಿ."

ನಾನು ಮೇಷ್ಟರ ಗತ್ತಿನಲ್ಲಿ, ಎಲ್ಲರಿಗೂ ಕೇಳುವಂತೆ ಅಂದೆ: "ಊರು ಹೋಗು ಅನ್ನುತ್ತೆ, ಕಾಡು ಬಾ ಅನ್ನುತ್ತೆ. ಈ ವಯಸ್ಸಿನಲ್ಲಿ ಇದೇನೇ ಶೋಕಿ?"

ಎಲ್ಲರೂ ನಕ್ಕರು. ತಂಗಿಯೂ ನಕ್ಕಳು, ಎದ್ದು ಒಳಗೆ ಹೋಗಿ ಪಾತ್ರೆ ತೊಳೆಯಲು ನಿಂತಳು. ಆ ವಿಷಯವನ್ನು ಮತ್ತೆ ಎತ್ತಲಿಲ್ಲ. ನನ್ನ ಮಾತಿಗೆ ಬೆಲೆಕೊಟ್ಟು ಸುಮ್ಮನಾದಳೆಂದು ನಾನು ತಿಳಿದೆ.

ಜೂನ್ ತಿಂಗಳ ಒಂದು ರಾತ್ರಿ ಹತ್ತೂವರೆಗೆ ಅವಳಿಂದ ಫೋನ್ ಬಂತು. ಅವಳ ಮೊದಲ ಮಾತು ಇಷ್ಟೇ: "ಅಣ್ಣಾ, ನಗಬೇಡ."

ಯಾರಿಗೂ ಹೇಳದೆ, ಬ್ಯೂಟಿಪಾರ್ಲರ್ ಮಾದರಿಯ ಒಂದು ಕಡೆ ಹೋಗಿ ಅವಳು ಇಂಜೆಕ್ಷನ್ ಮಾಡಿಸಿಕೊಂಡಿದ್ದಳು. ಮೂರು ವಾರಗಳಾಗಿದ್ದವು. ಗುಳಿಯಿದ್ದ ಜಾಗ ಈಗ ಉಬ್ಬಿಕೊಂಡು, ಅದರ ಮೇಲೆ ತೆಳುವಾದ ನೀಲಿ ಬಣ್ಣ ಕಾಣತೊಡಗಿತ್ತು. ಅಲ್ಲಿಯವರನ್ನು ಕೇಳಿದರೆ "ತಾನಾಗಿ ಹೋಗುತ್ತೆ ಆಂಟಿ" ಎಂದಷ್ಟೇ ಉತ್ತರ. ಹದಿನೈದು ದಿನಗಳಿಂದ ಅವಳು ವೀಣೆಯ ಪಾಠಕ್ಕೂ ಹೋಗಿರಲಿಲ್ಲ.

ಮರುದಿನವೇ ರೈಲು ಹತ್ತಿ ಮೈಸೂರಿಗೆ ಹೋದೆ. ಬಾಗಿಲು ತೆರೆದ ತಂಗಿ ಮುಖ ತಗ್ಗಿಸಿಯೇ ನಿಂತಿದ್ದಳು. ನಾನು ಏನೂ ಕೇಳಲಿಲ್ಲ. ಕೇಳುವ ಅರ್ಹತೆಯೂ ನನಗಿರಲಿಲ್ಲ.

1990ರ ದಶಕದಲ್ಲಿ ನನ್ನ ತರಗತಿಯಲ್ಲಿದ್ದ ಹುಡುಗಿಯೊಬ್ಬಳು ಇಂದು ಬೆಂಗಳೂರಿನಲ್ಲಿ ನೇತ್ರತಜ್ಞೆ. ಕಣ್ಣಿನ ರೆಪ್ಪೆ ಮತ್ತು ಕಣ್ಣುಗೂಡಿನ ಶಸ್ತ್ರಚಿಕಿತ್ಸೆಯಲ್ಲಿ ವಿಶೇಷ ತರಬೇತಿ ಪಡೆದವಳು. ಅವಳಿಗೆ ಫೋನ್ ಮಾಡಿ, ಮರುದಿನ ತಂಗಿಯನ್ನು ಕರೆದುಕೊಂಡು ಹೋದೆ.

ವೈದ್ಯೆಯ ಮೊದಲ ಪ್ರಶ್ನೆ, "ಅಮ್ಮ, ಒಳಗೆ ಹಾಕಿದ್ದು ಏನು ಅಂತ ಗೊತ್ತೇ?" ಅಲ್ಲಿ ಬಿಲ್ಲು ಕೊಟ್ಟಿರಲಿಲ್ಲ, ಚೀಟಿಯೂ ಇರಲಿಲ್ಲ. ಆದರೆ ಮೂವತ್ತು ವರ್ಷ ಬ್ಯಾಂಕಿನಲ್ಲಿ ವೋಚರುಗಳನ್ನು ಜೋಡಿಸಿಟ್ಟು ಅಭ್ಯಾಸವಾದ ನನ್ನ ತಂಗಿ ಔಷಧದ ಖಾಲಿ ಡಬ್ಬಿಯನ್ನು ಕೇಳಿ ಪಡೆದು ಚೀಲದಲ್ಲಿಟ್ಟುಕೊಂಡಿದ್ದಳು! ಡಬ್ಬಿ ನೋಡಿ ವೈದ್ಯೆಯ ಮುಖ ಹಗುರವಾಯಿತು. ಒಳಗಿದ್ದದ್ದು ಹೈಯಲುರಾನಿಕ್ ಆಮ್ಲದ ಫಿಲ್ಲರ್. ಅದನ್ನು ಕರಗಿಸಲು ಹೈಯಲುರಾನಿಡೇಸ್ ಎಂಬ ಕಿಣ್ವವಿದೆ. ಸಿಲಿಕೋನ್‌ನಂಥ ಬೇರೆ ಪದಾರ್ಥವಾಗಿದ್ದರೆ ಆ ಕಿಣ್ವದಿಂದ ಪ್ರಯೋಜನವಿರುತ್ತಿರಲಿಲ್ಲ, ಕತ್ತರಿಸಿ ತೆಗೆಯುವ ಮಾತು ಬರುತ್ತಿತ್ತು.

"ಈ ನೀಲಿ ಬಣ್ಣ ಯಾಕೆ ಬಂತು ಅಂತ ನೀವೇ ಹೇಳಿ ಸರ್. ನೀವೇ ಕಲಿಸಿದ ಪಾಠ" ಎಂದು ಆಕೆ ನನ್ನತ್ತ ತಿರುಗಿದಳು. ನಾನು ತಬ್ಬಿಬ್ಬಾದೆ. ಆಕೆಯೇ ನಗುತ್ತ ಹೇಳಿದಳು: "ಟಿಂಡಾಲ್ ಪರಿಣಾಮ!"

ಜಾನ್ ಟಿಂಡಾಲ್ (1820-1893) ಎಂಬ ಭೌತವಿಜ್ಞಾನಿಯ ಹೆಸರಿನ ಈ ಪಾಠವನ್ನು ನನ್ನ ವಿದ್ಯಾರ್ಥಿಗಳು ಮರೆತಿರಲಾರಿರಿ. ಗಾಜಿನ ಲೋಟದ ನೀರಿಗೆ ಕೆಲವು ಹನಿ ಹಾಲು ಬೆರೆಸಿ, ಕಿಟಕಿ ಮುಚ್ಚಿಸಿ, ಟಾರ್ಚ್ ಬಿಡುತ್ತಿದ್ದೆನಲ್ಲ, ಅದೇ. ಸೂಕ್ಷ್ಮ ಕಣಗಳು ಬೆಳಕನ್ನು ಚದುರಿಸುವಾಗ ನೀಲಿ ಬೆಳಕು ಹೆಚ್ಚಾಗಿ ಚದುರುತ್ತದೆ. ಕಣ್ಣಿನ ಕೆಳಗಿನ ಚರ್ಮ ಇಡೀ ದೇಹದಲ್ಲೇ ಅತಿ ತೆಳು, ಅರ್ಧ ಮಿಲಿಮೀಟರಿಗಿಂತ ಹೆಚ್ಚಿರದು. ಮೂಳೆಯ ಮೇಲೆ ಆಳದಲ್ಲಿ ಇಡಬೇಕಾದ ಫಿಲ್ಲರನ್ನು ಆ ಚರ್ಮದ ಅಡಿಯಲ್ಲೇ ಇಟ್ಟರೆ ಹೊರಗೆ ನೀಲಿಯಾಗಿ ಕಾಣುತ್ತದೆ. ಮೇಲಾಗಿ ಈ ಪದಾರ್ಥಕ್ಕೆ ನೀರನ್ನು ಹಿಡಿದಿಟ್ಟುಕೊಳ್ಳುವ ಗುಣವಿರುವುದರಿಂದ ಬೆಳಗಿನ ಹೊತ್ತು ಊತ ಹೆಚ್ಚು. ವರ್ಷವರ್ಷವೂ ನಾನು ಪಾಠ ಮಾಡಿದ ವಿಷಯ ನನ್ನ ತಂಗಿಯ ಕೆನ್ನೆಯ ಮೇಲೆ ಕುಳಿತಿತ್ತು, ಗುರುತಿಸಲು ನನ್ನಿಂದ ಆಗಿರಲಿಲ್ಲ.

ಹೈಯಲುರಾನಿಕ್ ಆಮ್ಲದ ಇತಿಹಾಸವೂ ಕಣ್ಣಿನಿಂದಲೇ ಶುರುವಾಗುತ್ತದೆ. 1934ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ಅದನ್ನು ಮೊದಲು ಬೇರ್ಪಡಿಸಿದ್ದು ಹಸುವಿನ ಕಣ್ಣುಗುಡ್ಡೆಯೊಳಗಿನ ಗಾಜಿನಂಥ ದ್ರವದಿಂದ. ಗ್ರೀಕ್ ಭಾಷೆಯಲ್ಲಿ ಗಾಜಿಗಿರುವ ಪದದಿಂದಲೇ ಅದಕ್ಕೆ ಆ ಹೆಸರು. ನಮ್ಮೆಲ್ಲರ ಚರ್ಮದಲ್ಲಿ, ಕೀಲುಗಳಲ್ಲಿ ಅದು ಸಹಜವಾಗಿಯೇ ಇದೆ. ಅದನ್ನು ಕರಗಿಸುವ ಕಿಣ್ವವೂ ಕಣ್ಣಿನ ವೈದ್ಯರಿಗೆ ಹಳೆಯ ಪರಿಚಯ. ಪೊರೆಯ ಶಸ್ತ್ರಚಿಕಿತ್ಸೆಗೆ ಮುಂಚೆ ಕಣ್ಣಿನ ಪಕ್ಕದಲ್ಲಿ ಕೊಡುವ ಮರಗಟ್ಟಿಸುವ ಇಂಜೆಕ್ಷನ್ನಿನಲ್ಲಿ, ಔಷಧ ಬೇಗ ಹರಡಲೆಂದು, ಅದನ್ನು ಬೆರೆಸುವುದುಂಟು. ತಂಗಿಗೆ ಆಕೆ ಅದೇ ಕಿಣ್ವವನ್ನು ಅಳತೆಮಾಡಿ ಕೊಟ್ಟಳು. ಎರಡೇ ದಿನಗಳಲ್ಲಿ ನೀಲಿ ಬಹುಪಾಲು ಇಳಿಯಿತು, ಎರಡು ವಾರಗಳ ನಂತರ ಇನ್ನೊಮ್ಮೆ ಕೊಟ್ಟ ಮೇಲೆ ಪೂರ್ತಿ ಹೋಯಿತು. ಗುಳಿ ಮತ್ತೆ ಕಾಣಿಸಿಕೊಂಡಿತು, ಆದರೆ ಈ ಸಲ ಅದನ್ನು ಕಂಡು ತಂಗಿಗೆ ಸಮಾಧಾನವೇ ಆಯಿತು.

ನಾವು ಅದೃಷ್ಟವಂತರೆಂದು ವೈದ್ಯೆ ಸ್ಪಷ್ಟವಾಗಿ ಹೇಳಿದಳು. ಕಣ್ಣು, ಮೂಗು, ಹುಬ್ಬುಗಳ ಸುತ್ತ ಇರುವ ಸಣ್ಣ ರಕ್ತನಾಳಗಳಿಗೂ ಕಣ್ಣಿಗೆ ರಕ್ತ ಒಯ್ಯುವ ಅಪಧಮನಿಗೂ ಒಳಗೊಳಗೇ ಸಂಪರ್ಕವಿದೆ. ಸೂಜಿ ಅಕಸ್ಮಾತ್ ನಾಳದೊಳಕ್ಕೆ ಹೊಕ್ಕು ಫಿಲ್ಲರ್ ಒತ್ತಡದಿಂದ ಹಿಮ್ಮುಖವಾಗಿ ಸಾಗಿದರೆ ಅಕ್ಷಿಪಟಲದ ರಕ್ತಸಂಚಾರವೇ ನಿಂತುಹೋಗಬಹುದು. ಇದು ಅಪರೂಪ, ಆದರೆ ಆದಾಗ ದೃಷ್ಟಿ ಉಳಿಸಿಕೊಳ್ಳಲು ಸಿಗುವ ಕಾಲಾವಕಾಶ ನಿಮಿಷಗಳ ಲೆಕ್ಕದ್ದು, ಬಹಳ ಸಲ ಕಳೆದ ದೃಷ್ಟಿ ಮರಳುವುದಿಲ್ಲ. ಮುಖದ ನೆರಿಗೆಗಳಿಗೆ ಈ ಬಗೆಯ ಫಿಲ್ಲರಿಗೆ ಅಮೆರಿಕದ ಎಫ್‌ಡಿಎ 2003ರಲ್ಲೇ ಒಪ್ಪಿಗೆ ಕೊಟ್ಟಿದ್ದರೂ, ಕಣ್ಣಡಿಯ ಗುಳಿಗೆಂದೇ ಒಂದು ಫಿಲ್ಲರಿಗೆ ಒಪ್ಪಿಗೆ ಕೊಟ್ಟದ್ದು 2022ರಲ್ಲಿ. ತಂಗಿ ಇದನ್ನೆಲ್ಲ ಕೇಳುತ್ತ ಸೆರಗಿನ ತುದಿ ತಿರುಚುತ್ತಿದ್ದಳು. ನಾನು ಯುಗಾದಿಯ ದಿನದ ನನ್ನ ಮಾತನ್ನು ನೆನೆಯುತ್ತಿದ್ದೆ. ಅಂದು "ಆಗಲಿ, ಒಳ್ಳೆಯ ಡಾಕ್ಟರನ್ನ ವಿಚಾರಿಸೋಣ" ಎಂದಿದ್ದರೆ ಅವಳು ಕಳ್ಳಿಯಂತೆ ಅಲ್ಲಿಗೆ ಹೋಗಬೇಕಾಗುತ್ತಿತ್ತೇ?

ಆಮೇಲೆ ವೈದ್ಯೆ ಗುಳಿಯ ಕಾರಣವನ್ನು ವಿವರಿಸಿದಳು. ಕಣ್ಣುಗೂಡು ಏಳು ಮೂಳೆಗಳು ಸೇರಿ ಆದದ್ದು. ಗೂಡಿನೊಳಗೆ ಕಣ್ಣುಗುಡ್ಡೆಗೆ ಮೆತ್ತೆಯಂತೆ ಕೊಬ್ಬು ಇರುತ್ತದೆ. ವಯಸ್ಸಾದಂತೆ ಗೂಡಿನ ಅಂಚಿನ ಮೂಳೆ ಸವೆದು ಬಾಯಿ ಅಗಲವಾಗುತ್ತದೆ, ಕೆನ್ನೆಯ ಮೇಲ್ಭಾಗದ ಕೊಬ್ಬು ಕರಗಿ ಕೆಳಗೆ ಜಾರುತ್ತದೆ, ಚರ್ಮ ಇನ್ನೂ ತೆಳುವಾಗುತ್ತದೆ. ಚರ್ಮವನ್ನು ಮೂಳೆಗೆ ಬಿಗಿದಿರುವ ತಂತುಗಳು ಮಾತ್ರ ಇದ್ದಲ್ಲೇ ಇರುವುದರಿಂದ ಅಲ್ಲೊಂದು ಕಾಲುವೆ ಏಳುತ್ತದೆ. ಕೆಲವರಲ್ಲಿ ರೆಪ್ಪೆಯ ಹಿಂದಿನ ಕೊಬ್ಬು ಮುಂದಕ್ಕೆ ಉಬ್ಬಿ ಚೀಲವಾಗಿ, ಅದರ ಕೆಳಗಿನ ತಗ್ಗು ಮತ್ತಷ್ಟು ಆಳವಾಗಿ ತೋರುತ್ತದೆ. ನಾವು 'ಕಪ್ಪು' ಎಂದು ಹೇಳುವುದರಲ್ಲಿ ಎಷ್ಟೋ ಪಾಲು ಬಣ್ಣವಲ್ಲ, ನೆರಳು. ಪರೀಕ್ಷೆ ಸುಲಭ. ತಲೆಯ ಮೇಲಿನ ದೀಪದಡಿ ಕನ್ನಡಿ ನೋಡಿ, ಅನಂತರ ಕಿಟಕಿಗೆ ಮುಖಮಾಡಿ ನೋಡಿ. ಎದುರು ಬೆಳಕಿಗೆ ಮಾಯವಾದರೆ ನೆರಳು, ಹಾಗೆಯೇ ಉಳಿದರೆ ಚರ್ಮದ ಬಣ್ಣ. ಎರಡಕ್ಕೂ ಚಿಕಿತ್ಸೆ ಬೇರೆ ಬೇರೆ.

ಆದರೆ ಎಲ್ಲ ಗುಳಿಯೂ ವಯಸ್ಸಿನದಲ್ಲ ಎಂಬುದು ಅಂದು ನಾನು ಕಲಿತ ದೊಡ್ಡ ಪಾಠ. "ಅಮ್ಮ, ಕಣ್ಣಿಗೆ ಯಾವುದಾದರೂ ಡ್ರಾಪ್ಸ್ ಹಾಕುತ್ತೀರಾ?" ಎಂದು ಆಕೆ ಕೇಳಿದಳು. ತಂಗಿ 2019ರಿಂದ ಗ್ಲಾಕೋಮಾಕ್ಕೆ ಪ್ರತಿ ರಾತ್ರಿ ಒಂದು ಹನಿ ಬೈಮ್ಯಾಟೊಪ್ರೋಸ್ಟ್ ಹಾಕುತ್ತಿದ್ದಳು. ಬೈಮ್ಯಾಟೊಪ್ರೋಸ್ಟ್, ಲ್ಯಾಟನೊಪ್ರೋಸ್ಟ್ ಮೊದಲಾದ ಈ ಗುಂಪಿನ ಔಷಧಗಳು ಕಣ್ಣಿನ ಒತ್ತಡ ಇಳಿಸುವುದರಲ್ಲಿ ಬಹಳ ಸಮರ್ಥ, ಆದರೆ ಕೆಲವರಲ್ಲಿ ಕಣ್ಣಿನ ಸುತ್ತಲಿನ ಕೊಬ್ಬನ್ನು ಕುಗ್ಗಿಸಿ ಮೇಲುರೆಪ್ಪೆಯನ್ನು ಒಳಕ್ಕೆ ಎಳೆಯುತ್ತವೆ. ತಂಗಿಯ ಮೇಲುರೆಪ್ಪೆಯ ತಗ್ಗಿಗೆ ಮುಖ್ಯ ಕಾರಣ ಅದೇ! ಸೂಜಿ ಚುಚ್ಚಿದ ಕಡೆ ಯಾರೂ ಈ ಪ್ರಶ್ನೆಯನ್ನೇ ಕೇಳಿರಲಿಲ್ಲ. ನಾವು ಬಂಧುಗಳು ಅವಳ ಮುಖದಲ್ಲಿ ವೈಧವ್ಯದ ದುಃಖವನ್ನು ಓದುತ್ತಿದ್ದೆವು, ಅಲ್ಲಿ ಇದ್ದದ್ದು ಔಷಧದ ಹನಿ.

ಇಲ್ಲಿ ಒಂದು ಎಚ್ಚರಿಕೆ. ಇದನ್ನು ಓದಿ ಯಾರೂ ತಮ್ಮ ಡ್ರಾಪ್ಸನ್ನು ತಾವಾಗಿ ನಿಲ್ಲಿಸಬಾರದು. ಗ್ಲಾಕೋಮಾದಿಂದ ಹೋದ ದೃಷ್ಟಿ ಮರಳಿ ಬಾರದು. ವೈದ್ಯೆಯೂ ನಿಲ್ಲಿಸಲು ಹೇಳಲಿಲ್ಲ. ತಂಗಿಯ ಗ್ಲಾಕೋಮಾ ವೈದ್ಯರಿಗೆ ಪತ್ರ ಬರೆದಳು. ಅವರು ಬೇರೆ ಗುಂಪಿನ ಔಷಧಕ್ಕೆ ಬದಲಾಯಿಸಿ, ಒತ್ತಡ ಹತೋಟಿಯಲ್ಲಿದೆಯೆಂದು ಮತ್ತೆ ಮತ್ತೆ ಅಳೆದು ನೋಡಿದರು. ಕೆಲವು ತಿಂಗಳಲ್ಲಿ ಮೇಲುರೆಪ್ಪೆಯ ತಗ್ಗು ಸಾಕಷ್ಟು ತುಂಬಿಕೊಂಡಿತು. ಹಾಗೆಯೇ ಒಂದೇ ಕಣ್ಣು ಗುಳಿಬಿದ್ದರೆ, ಇದ್ದಕ್ಕಿದ್ದಂತೆ ತೂಕ ಇಳಿದು ಮುಖ ಸೊರಗಿದರೆ, ಅದು ಸೌಂದರ್ಯದ ಮಾತಲ್ಲ. ಮೊದಲು ಕಾರಣ ಹುಡುಕಬೇಕು.

ಉಳಿದದ್ದು ಕೆಳಗಿನ ಗುಳಿ, ಅದು ವಯಸ್ಸಿನದೇ. ಅದಕ್ಕೆ ಇರುವ ದಾರಿಗಳನ್ನು ಆಕೆ ಕಾಗದದ ಮೇಲೆ ಬರೆದು ವಿವರಿಸಿದಳು. ಬಂಧುಗಳಲ್ಲಿ ಕೆಲವರು ಗುಟ್ಟಾಗಿ ನನ್ನನ್ನು ಕೇಳಿದ್ದರಿಂದ ಇಲ್ಲಿ ಬಹಿರಂಗವಾಗಿಯೇ ಬರೆಯುತ್ತೇನೆ.

ಮೊದಲನೆಯದು, ಏನೂ ಮಾಡದೆ ಇರುವುದು. ಇದೂ ಗೌರವದ ಆಯ್ಕೆಯೇ. ನಿದ್ರೆ, ಬಿಸಿಲಿನಿಂದ ರಕ್ಷಣೆ, ಧೂಮಪಾನ ಬಿಡುವುದು, ಇವು ಮುಂದಿನ ಸವೆತವನ್ನು ನಿಧಾನಿಸಬಲ್ಲವು. ಎರಡನೆಯದು ಕ್ರೀಮುಗಳು. ಕೆಲವು ಕ್ರೀಮುಗಳಿಂದ ಚರ್ಮ ಸ್ವಲ್ಪ ನಯವಾಗಬಹುದು, ಆದರೆ ಮೂಳೆ ಸವೆದು, ಕೊಬ್ಬು ಜಾರಿ ಆದ ತಗ್ಗನ್ನು ಮೇಲೆ ಸವರಿದ ಯಾವ ಕ್ರೀಮೂ ತುಂಬಲಾರದು. ನಮ್ಮದೇ ರಕ್ತದಿಂದ ಪ್ಲೇಟ್‌ಲೆಟ್ ಬೇರ್ಪಡಿಸಿ ಚುಚ್ಚುವ ಪಿಆರ್‌ಪಿ ವಿಧಾನಕ್ಕೂ, ಗುಳಿ ತುಂಬುವ ಮಟ್ಟಿಗೆ, ಆಧಾರ ಗಟ್ಟಿಯಾಗಿಲ್ಲ.

ಮೂರನೆಯದು ಫಿಲ್ಲರ್. ತಿಳಿದವರು ಸ್ವಲ್ಪವೇ ಪ್ರಮಾಣದಲ್ಲಿ, ಸರಿಯಾದ ಆಳದಲ್ಲಿ ಇಟ್ಟರೆ ಫಲ ಕೂಡಲೇ ಕಾಣುತ್ತದೆ. ಸಾಮಾನ್ಯವಾಗಿ ವರ್ಷದ ಆಸುಪಾಸು ಇರುತ್ತದೆ, ಕೆಲವರಲ್ಲಿ ಇನ್ನೂ ಹೆಚ್ಚು. ಸಿರಿಂಜೊಂದಕ್ಕೆ ಹತ್ತಾರು ಸಾವಿರ ರೂಪಾಯಿ, ಮತ್ತೆ ಮತ್ತೆ ಮಾಡಿಸಬೇಕು. ದೊಡ್ಡ ಅನುಕೂಲವೆಂದರೆ ಬೇಡವಾದರೆ ಕರಗಿಸಬಹುದು. ರೆಪ್ಪೆಯಡಿ ಚೀಲ ದೊಡ್ಡದಾಗಿದ್ದವರಿಗೆ, ಬೆಳಗ್ಗೆ ಮುಖ ಊದುವವರಿಗೆ ಇದು ಹೊಂದುವುದಿಲ್ಲ.

ನಾಲ್ಕನೆಯದು ಸ್ವಂತ ಕೊಬ್ಬನ್ನು ಹೊಟ್ಟೆಯಿಂದಲೋ ತೊಡೆಯಿಂದಲೋ ತೆಗೆದು, ಶುಚಿಗೊಳಿಸಿ, ಹನಿಹನಿಯಾಗಿ ಕಣ್ಣಡಿಗೆ ತುಂಬುವುದು. ಇದು ಹೊಸದೇನಲ್ಲ. 1893ರಲ್ಲಿಯೇ ಜರ್ಮನಿಯ ಗುಸ್ಟಾವ್ ನೋಯ್ಬರ್ ಎಂಬ ಶಸ್ತ್ರವೈದ್ಯರು ತೋಳಿನ ಕೊಬ್ಬಿನಿಂದ ಕಣ್ಣುಗೂಡಿನ ಅಂಚಿನ ತಗ್ಗಾದ ಗಾಯದ ಕಲೆಯನ್ನು ತುಂಬಿದ್ದರು. ತುಂಬಿದ ಕೊಬ್ಬಿನಲ್ಲಿ ಒಂದು ಪಾಲು ಮೊದಲ ತಿಂಗಳುಗಳಲ್ಲಿ ಕರಗುತ್ತದೆ, ಉಳಿದದ್ದು ದೀರ್ಘಕಾಲ ನಿಲ್ಲುತ್ತದೆ. ಎಷ್ಟು ನಿಲ್ಲುತ್ತದೆಂದು ಮುಂಚಿತವಾಗಿ ಹೇಳಲಾಗದು. ಗಂಟಾದರೆ ಕರಗಿಸುವ ಕಿಣ್ವವೂ ಇಲ್ಲ. ರಕ್ತನಾಳದ ಅಪಾಯ ಇಲ್ಲಿಯೂ ತಪ್ಪಿದ್ದಲ್ಲ.

ಐದನೆಯದು ಕೆಳರೆಪ್ಪೆಯ ಶಸ್ತ್ರಚಿಕಿತ್ಸೆ. ಚೀಲವೂ ಗುಳಿಯೂ ಒಟ್ಟಿಗೆ ಇರುವವರಿಗೆ ಇದು ಸೂಕ್ತ. ಹಿಂದೆ ಉಬ್ಬಿದ ಕೊಬ್ಬನ್ನು ಕತ್ತರಿಸಿ ಬಿಸಾಡುತ್ತಿದ್ದರು, ಅದರಿಂದ ಮುಂದೆ ಕಣ್ಣು ಇನ್ನಷ್ಟು ಗುಳಿಬೀಳುತ್ತಿತ್ತು. ಈಗ ಎಷ್ಟೋ ಸಲ ಅದೇ ಕೊಬ್ಬನ್ನು ಕೆಳಗಿನ ತಗ್ಗಿಗೆ ಸರಿಸಿ ಹೊಲಿಯುತ್ತಾರೆ. ರೆಪ್ಪೆಯ ಒಳಬದಿಯಿಂದ ಮಾಡಿದರೆ ಹೊರಗೆ ಕಲೆಯೂ ಕಾಣದು. ಒಂದೆರಡು ವಾರ ಊತ, ಕಂದುಗಟ್ಟಿದ ಗುರುತು ಇರುತ್ತವೆ. ಕಣ್ಣು ಒಣಗುವುದು, ರೆಪ್ಪೆ ಕೆಳಕ್ಕೆ ಎಳೆದಂತಾಗುವುದು, ಬಹಳ ಅಪರೂಪವಾಗಿ ಕಣ್ಣಿನ ಹಿಂದೆ ರಕ್ತಸ್ರಾವವಾಗುವುದು, ಇವು ಅಪಾಯಗಳು.

ಎಲ್ಲ ಹೇಳಿ ಮುಗಿಸಿದ ವೈದ್ಯೆ, "ಅವಸರವಿಲ್ಲ ಅಮ್ಮ, ಆರು ತಿಂಗಳು ಬಿಟ್ಟು ಬನ್ನಿ. ಆಗಲೂ ಬೇಕೆನಿಸಿದರೆ ನೋಡೋಣ" ಎಂದಳು. ನನಗೆ ಆಕೆಯ ಬಗ್ಗೆ ಹೆಮ್ಮೆಯೆನಿಸಿತು.

ಹಿಂತಿರುಗುವಾಗ ರೈಲಿನಲ್ಲಿ ತಂಗಿ ಕಿಟಕಿಯಾಚೆ ನೋಡುತ್ತ ಹೇಳಿದಳು: "ಅಣ್ಣಾ, ನನಗೆ ಚಿಕ್ಕವಳಾಗಿ ಕಾಣಬೇಕು ಅಂತ ಆಸೆ ಇರಲಿಲ್ಲ. ನಾನು ಈಗ ಚೆನ್ನಾಗಿದೀನಿ. ಆದರೆ ನೋಡಿದವರೆಲ್ಲ ಪಾಪ ಅಂತಾರೆ. ಅದು ಸಾಕಾಗಿತ್ತು."

ನನಗೆ ಉತ್ತರ ಹೊಳೆಯಲಿಲ್ಲ. ನಲವತ್ತೆಂಟನೆಯ ವಯಸ್ಸಿನಿಂದ ನಿವೃತ್ತಿಯ ದಿನದವರೆಗೆ ಪ್ರತಿ ಎರಡನೆಯ ಭಾನುವಾರ ತಪ್ಪದೆ ತಲೆಗೆ ಬಣ್ಣ ಹಚ್ಚಿದವನು ನಾನು. ಮುಂದಿನ ಎರಡು ಹಲ್ಲು ಕಟ್ಟಿಸಿಕೊಂಡದ್ದು ಅಗಿಯುವುದಕ್ಕಾಗಿಯಲ್ಲ, ವೇದಿಕೆಯ ಮೇಲೆ ಬಾಯಿ ತೆರೆಯುವುದಕ್ಕಾಗಿ. 'ಹೇಳೋದು ಆಚಾರ, ತಿನ್ನೋದು ಬದನೆಕಾಯಿ' ಎಂಬ ಗಾದೆಯನ್ನು ಎಷ್ಟು ಸಲ ನಿಮ್ಮಿಂದ ವಿಸ್ತರಿಸಿ ಬರೆಸಿಲ್ಲ!

ಇನ್ನೊಂದು ನೆನಪೂ ಅಂದು ರೈಲಿನಲ್ಲಿ ಕಾಡಿತು. ಬಹಳ ವರ್ಷಗಳ ಹಿಂದೆ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಮುಖಕ್ಕೆ ದಟ್ಟವಾಗಿ ಪೌಡರ್ ಬಳಿದುಕೊಂಡು ಬಂದಿದ್ದಳು. "ಇದು ಶಾಲೆಯೋ ನಾಟಕ ಕಂಪನಿಯೋ" ಎಂದು ಎಲ್ಲರ ಮುಂದೆ ಅಂದು, ನಲ್ಲಿಯ ಬಳಿಗೆ ಕಳಿಸಿದ್ದೆ. ಮುಖ ತೊಳೆದು ಬಂದಾಗ ಕೆನ್ನೆಯ ಮೇಲಿನ ಬಿಳಿಯ ಮಚ್ಚೆಗಳು ಕಂಡವು. ತರಗತಿ ನಿಶ್ಶಬ್ದವಾಯಿತು. ನಾನು ಕ್ಷಮೆ ಕೇಳದೆ ಪಾಠ ಮುಂದುವರಿಸಿದೆ. ಅವಳು ಇದನ್ನು ಓದುತ್ತಿದ್ದರೆ, ತಾಯಿ, ಈಗ ಕೇಳುತ್ತಿದ್ದೇನೆ. ಕ್ಷಮಿಸು.

2025ರ ಜನವರಿಯಲ್ಲಿ ತಂಗಿ ತಾನಾಗಿಯೇ ಫೋನ್ ಮಾಡಿ, "ಬರ್ತೀಯಾ?" ಎಂದಳು. ಹೋದೆ. ವೈದ್ಯೆ ಮೊದಲು ದೃಷ್ಟಿ ಪರೀಕ್ಷಿಸಿದಳು. ತೆಗೆದುಕೊಳ್ಳುತ್ತಿದ್ದ ಔಷಧಗಳನ್ನೆಲ್ಲ ಬರೆದುಕೊಂಡಳು. ಅಪಾಯಗಳನ್ನು ಮತ್ತೊಮ್ಮೆ ಓದಿಹೇಳಿ ಸಹಿ ಪಡೆದಳು. ಹೈಯಲುರಾನಿಡೇಸಿನ ಶೀಷೆಗಳು ಮೇಜಿನ ಮೇಲೆ ಸಿದ್ಧವಿದ್ದವು. ಮೊಂಡು ತುದಿಯ ತೆಳು ನಳಿಕೆಯಿಂದ, ಒಂದೊಂದು ಕಡೆಗೆ ಅರ್ಧ ಮಿಲಿಲೀಟರಿಗೂ ಕಡಿಮೆ ಫಿಲ್ಲರನ್ನು, ನಿಧಾನವಾಗಿ ಇಟ್ಟಳು. ನಡುನಡುವೆ "ಅಮ್ಮ, ಸರಿಯಾಗಿ ಕಾಣುತ್ತಿದೆಯಾ?" ಎಂದು ಕೇಳುತ್ತಲೇ ಇದ್ದಳು. ಇಪ್ಪತ್ತು ನಿಮಿಷ ತಂಗಿಯ ಪಾದದ ಬಳಿ ಸ್ಟೂಲಿನ ಮೇಲೆ ನಾನು ಕುಳಿತಿದ್ದೆ. ಡಬ್ಬಿ, ಬಿಲ್ಲು, ಬ್ಯಾಚ್ ಸಂಖ್ಯೆಯ ಚೀಟಿ ಎಲ್ಲವೂ ಈ ಸಲ ಕೈಗೆ ಬಂದವು, ತಂಗಿ ಎಣಿಸಿ ಚೀಲಕ್ಕೆ ಹಾಕಿಕೊಂಡಳು.

ಗುಳಿ ಪೂರ್ತಿ ಹೋಗಿಲ್ಲ, ಅರ್ಧದಷ್ಟು ತುಂಬಿದೆ. ವಯಸ್ಸು ಅರವತ್ತೆರಡು, ಅಷ್ಟೇ ಕಾಣುತ್ತದೆ. ಮುಂದೆ ಅದು ಇಳಿದಾಗ ಮತ್ತೆ ಮಾಡಿಸುವುದೋ ಬಿಡುವುದೋ ಅವಳಿಗೆ ಬಿಟ್ಟದ್ದು.

ನಿಮ್ಮಲ್ಲಿ ಯಾರಿಗಾದರೂ ಇಂಥ ಆಸೆಯಿದ್ದರೆ, ಕಣ್ಣಿನ ಸುತ್ತಲಿನ ಚಿಕಿತ್ಸೆಯಲ್ಲಿ ತರಬೇತಿ ಪಡೆದ ವೈದ್ಯರಲ್ಲಿಗೆ ಮಾತ್ರ ಹೋಗಿ. ಯಾವ ಪದಾರ್ಥ, ಎಷ್ಟು ಪ್ರಮಾಣ, ಕರಗಿಸಲು ಬರುತ್ತದೆಯೇ, ದೃಷ್ಟಿಗೆ ತೊಂದರೆಯಾದರೆ ಆ ಕ್ಷಣವೇ ಏನು ಮಾಡುತ್ತೀರಿ ಎಂದು ಕೇಳಿ. ಉತ್ತರ ತಡವರಿಸಿದರೆ ಎದ್ದು ಬನ್ನಿ. ಮನೆಯಲ್ಲಿ ಯಾರಾದರೂ ಇಂಥ ಆಸೆಯನ್ನು ಹೇಳಿಕೊಂಡರೆ, ದಯವಿಟ್ಟು ನಗಬೇಡಿ. ಬೇಡವೆನಿಸಿದರೆ ಕಾರಣ ಹೇಳಿ ಬೇಡವೆನ್ನಿ. ನಮ್ಮ ನಗೆಯಿಂದ ಆಸೆ ಸಾಯುವುದಿಲ್ಲ, ನಮ್ಮ ಕಣ್ಣು ತಪ್ಪಿಸಿ ಹೋಗುತ್ತದೆ, ಅಷ್ಟೇ.

ಕಳೆದ ಯುಗಾದಿಗೆ ತಂಗಿ ಮತ್ತೆ ಶಿವಮೊಗ್ಗಕ್ಕೆ ಬಂದಿದ್ದಳು. ದೊಡ್ಡಮ್ಮ ಕನ್ನಡಕದೊಳಗಿಂದ ಅವಳನ್ನು ಬಹಳ ಹೊತ್ತು ನೋಡಿದರು. ಏನು ಕೇಳುವರೋ ಎಂದು ನಾನು ಕಾಯುತ್ತಿದ್ದೆ. "ವೀಣೆ ಎಲ್ಲೀವರೆಗೆ ಬಂತೇ?" ಎಂದು ಕೇಳಿದರು. ತಂಗಿ ನನ್ನ ಕಡೆ ನೋಡಿ ನಕ್ಕಳು.